ಹಳೇ ಅಮೆರಿಕದ ಗವರ್ನರ್ ಚುನಾವಣೆ: ಆರರಲ್ಲಿ ಯಾವುದನ್ನ ಮೊದಲು ಓದೋದು?

ಅಕ್ಕನ ಮಗ ಇತಿಹಾಸದಲ್ಲಿ ಎಂ.ಎ. ಮಾಡುತ್ತಿದ್ದಾನೆ. ಹೋದ ತಿಂಗಳು ಫೋನ್ ಮಾಡಿ, "ಮಾಮ, ಅಮೆರಿಕದ ಶುರುವಿನ ಕಾಲದ ಯಾವುದಾದರೂ ಒಂದು ಗವರ್ನರ್ ಚುನಾವಣೆ ಬಗ್ಗೆ ಸೆಮಿನಾರ್ ಕೊಡಬೇಕು, ಐದಾರು ಗುರುತು ಹಾಕಿಕೊಂಡು ಕೂತಿದ್ದೀನಿ, ಒಂದೂ ಬಿಡೋಕೆ ಮನಸ್ಸಿಲ್ಲ" ಅಂದ. ಅದೇ ವಾರ ನ್ಯೂಜೆರ್ಸಿಯಲ್ಲಿರುವ ಗೆಳತಿಯೂ ಹೆಚ್ಚುಕಮ್ಮಿ ಇದನ್ನೇ ಕೇಳಿದಳು. ಅವಳ ಮಗಳಿಗೆ ಶಾಲೆಯಲ್ಲಿ ಈ ಕಾಲದ ಇತಿಹಾಸ ನಡೀತಾ ಇದೆ, ತಾಯಿಗೂ ಏನಾದರೂ ಓದೋ ಆಸೆ ಹುಟ್ಟಿದೆ, ಆದರೆ ವಾರಕ್ಕೆ ಒಂದು ಸಂಜೆ ಬಿಡುವು ಸಿಕ್ಕರೆ ಅದೇ ದೊಡ್ಡದು. ಇಬ್ಬರಿಗೂ ಸೇರಿಸಿ ಇದನ್ನು ಬರೆದಿದ್ದೀನಿ.

ಮೊದಲೇ ಒಂದು ಮಾತು. ಗವರ್ನರ್ ಅಂದ ಕೂಡಲೇ ನಮ್ಮ ಕಣ್ಣಿಗೆ ರಾಜಭವನ ಬರುತ್ತದೆ, ದೆಹಲಿಯಿಂದ ನೇಮಕವಾಗಿ ಬಂದವರು, ಸಹಿ ಹಾಕುವವರು. ಅಲ್ಲಿನ ಗವರ್ನರ್ ಹಾಗಲ್ಲ. ರಾಜ್ಯದ ಆಡಳಿತ ಅವರ ಕೈಯಲ್ಲೇ ಇರುತ್ತದೆ, ನಮ್ಮ ಮುಖ್ಯಮಂತ್ರಿಗೆ ಹತ್ತಿರದ ಹುದ್ದೆ. ಆದರೆ ಈಗ ಹೇಳುವ ರಾಜ್ಯಗಳಲ್ಲಿ ಅವರನ್ನು ಆರಿಸುತ್ತಿದ್ದದ್ದು ಜನರೇ, ಕುರ್ಚಿ ಉಳಿಸಿಕೊಳ್ಳೋಕೆ ಶಾಸಕರ ಲೆಕ್ಕ ಹಾಕುತ್ತಾ ಕೂರಬೇಕಾಗಿರಲಿಲ್ಲ. ಸೆಮಿನಾರ್‌ನಲ್ಲಿ 'ರಾಜ್ಯಪಾಲ' ಅಂತ ಬರೆಯಬೇಡಿ, ಕೇಳುವವರ ತಲೆ ಕೆಡುತ್ತದೆ. ಇನ್ನೊಂದು ವಿಷಯ, ಆಗ ಎಲ್ಲಾ ರಾಜ್ಯಗಳಲ್ಲೂ ಜನರೇ ಆರಿಸುತ್ತಿರಲಿಲ್ಲ. ವರ್ಜೀನಿಯಾದಲ್ಲಿ 1851ರವರೆಗೂ ಶಾಸನಸಭೆಯೇ ಗವರ್ನರನ್ನು ಆರಿಸುತ್ತಿತ್ತು. ನ್ಯೂಜೆರ್ಸಿಯಲ್ಲಿ 1807ರವರೆಗೆ ಆಸ್ತಿ ಇದ್ದ ಮದುವೆಯಾಗದ ಹೆಂಗಸರೂ ವಿಧವೆಯರೂ ಓಟು ಹಾಕುತ್ತಿದ್ದರು, ಅದು ನಿಜಕ್ಕೂ ದೊಡ್ಡ ಸಂಗತಿ. ಆದರೆ ಅವರ ಓಟು ಗವರ್ನರ್ ಹುದ್ದೆಗೆ ನೇರವಾಗಿ ಬೀಳುತ್ತಿರಲಿಲ್ಲ. ಗೆಳತಿ, ಬೇಜಾರು ಮಾಡ್ಕೋಬೇಡ, ನಿಮ್ಮ ರಾಜ್ಯ ಈ ಪಟ್ಟಿಯಲ್ಲಿಲ್ಲ.

ಯಾವುದನ್ನು ನೋಡಿ ಆರಿಸಬೇಕು

ನಾನು ನಾಲ್ಕು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದನ್ನು ಅರ್ಥ ಮಾಡಿಕೊಳ್ಳೋಕೆ ಹಿಂದಿನ ಕಥೆ ಎಷ್ಟು ಗೊತ್ತಿರಬೇಕು? ಆ ಕಾಲದ ಪತ್ರ, ಲೆಕ್ಕ, ವರದಿ ದುಡ್ಡು ಕೊಡದೆ ಸಿಗುತ್ತವಾ? ಸಂಖ್ಯೆಗಳನ್ನು ಇಟ್ಟುಕೊಂಡು ಏನಾದರೂ ಹೇಳಬಹುದಾ? ಕೊನೆಯದು ನನಗೆ ಎಲ್ಲಕ್ಕಿಂತ ಮುಖ್ಯ: ಇವತ್ತು ಇಬ್ಬರು ಕೂತು ಇದರ ಬಗ್ಗೆ ಜಗಳ ಆಡಬಹುದಾ? ಯಾರು ಗೆದ್ದರು ಅನ್ನೋದು ಒಂದು ಸಾಲಿನಲ್ಲಿ ಮುಗಿಯುತ್ತದೆ. ಓಟು ಹಾಕೋಕೆ ಯಾರನ್ನು ಬಿಟ್ಟರು, ಹಾಕಿದ್ದನ್ನು ಯಾರು ಎಣಿಸಿದರು, ಯಾರು ಎಣಿಸಲಿಲ್ಲ ಅನ್ನೋದರಲ್ಲೇ ಸ್ವಾರಸ್ಯ ಇರೋದು.

ಖರ್ಚಿನ ವಿಷಯಕ್ಕೆ ಬಂದರೆ, ಅಮೆರಿಕದಿಂದ ತರಿಸುವ ಪುಸ್ತಕಗಳ ಬೆಲೆ ನೋಡಿ ಹೆದರಬೇಡಿ. ಎರಡು ಉಚಿತ ಜಾಗಗಳಲ್ಲೇ ಮುಕ್ಕಾಲು ಕೆಲಸ ಆಗುತ್ತದೆ. ಒಂದು ಫೌಂಡರ್ಸ್ ಆನ್‌ಲೈನ್, ವಾಷಿಂಗ್ಟನ್, ಹ್ಯಾಮಿಲ್ಟನ್, ಜೇ, ಜೆಫರ್ಸನ್ ಮುಂತಾದ ದೇಶ ಕಟ್ಟಿದವರ ಪತ್ರಗಳು ಅಲ್ಲಿ ಹುಡುಕೋಕೆ ಸಿಗುತ್ತವೆ. ಇನ್ನೊಂದು ಎ ನ್ಯೂ ನೇಷನ್ ವೋಟ್ಸ್, 1787ರಿಂದ 1825ರವರೆಗಿನ ಚುನಾವಣೆಗಳ ಮತಲೆಕ್ಕ. ಫಿಲಿಪ್ ಲ್ಯಾಂಪಿ ಅನ್ನುವವರು ದಶಕಗಳ ಕಾಲ ಹಳೇ ಪತ್ರಿಕೆಗಳನ್ನು ಜಾಲಾಡಿ, ಕೈಯಲ್ಲೇ ಬರೆದುಕೊಂಡು ಒಟ್ಟು ಮಾಡಿದ ಲೆಕ್ಕ ಅದು. ಆ ತಾಳ್ಮೆಗೆ ದೊಡ್ಡ ನಮಸ್ಕಾರ.

ನ್ಯೂಯಾರ್ಕ್ 1777: ಕಥೆ ಚೆಂದ, ಸಾಮಗ್ರಿ ಕಡಿಮೆ

ಯುದ್ಧದ ಮಧ್ಯೆ ನಡೆದ ಚುನಾವಣೆ. ನ್ಯೂಯಾರ್ಕ್ ನಗರ ಬ್ರಿಟಿಷರ ಕೈಯಲ್ಲಿತ್ತು, ಅಲ್ಲಿನವರಿಗೆ ಓಟೇ ಇಲ್ಲ. ಭಾರೀ ಜಮೀನ್ದಾರಿ ಮನೆತನದ ಫಿಲಿಪ್ ಸ್ಕೈಲರ್ ಗೆಲ್ಲುತ್ತಾರೆ ಅಂತ ದೊಡ್ಡವರೆಲ್ಲ ಅಂದುಕೊಂಡಿದ್ದರು. ಗೆದ್ದದ್ದು ಅಂಥ ಮನೆತನವೇನೂ ಇಲ್ಲದ ಜಾರ್ಜ್ ಕ್ಲಿಂಟನ್. ಗವರ್ನರ್ ಹುದ್ದೆಗೂ ಉಪ ಗವರ್ನರ್ ಹುದ್ದೆಗೂ ಅವರೇ ಗೆದ್ದುಬಿಟ್ಟು ಒಂದನ್ನು ಬಿಡಬೇಕಾಯಿತು. ಅವರು ಜುಲೈನಲ್ಲಿ ಪ್ರಮಾಣ ವಚನ ತೆಗೆದುಕೊಂಡ ಕಿಂಗ್‌ಸ್ಟನ್ ಊರನ್ನು ಅಕ್ಟೋಬರ್‌ನಲ್ಲಿ ಬ್ರಿಟಿಷರು ಸುಟ್ಟು ಹಾಕಿದರು. ಒಂದು ಸಂಜೆಯ ಓದಿಗೆ ಇದು ಸಾಕು. ಆದರೆ ಲ್ಯಾಂಪಿಯವರ ಲೆಕ್ಕ ಹತ್ತು ವರ್ಷ ತಡವಾಗಿ ಶುರುವಾಗುತ್ತದೆ, ಹಾಗಾಗಿ ಸಂಖ್ಯೆ ಹಿಡಿದು ಸೆಮಿನಾರ್ ಮಾಡುವವರು ಇದನ್ನು ಬಿಡೋದು ಒಳ್ಳೇದು.

ಮ್ಯಾಸಚೂಸೆಟ್ಸ್ 1787: ಸಾಲ, ತೆರಿಗೆ, ಸಿಟ್ಟು

ರೈತರ ಸಾಲದ ರಾಜಕೀಯ ನಿಮಗೆ ಆಸಕ್ತಿಯ ವಿಷಯ ಆಗಿದ್ದರೆ ನೇರ ಇಲ್ಲಿಗೆ ಬನ್ನಿ. ಯುದ್ಧದ ಸಾಲ ತೀರಿಸೋಕೆ ಅಂತ ರಾಜ್ಯ ಭಾರೀ ತೆರಿಗೆ ಹಾಕಿತು, ಅದನ್ನೂ ನಗದಾಗಿ ಕಟ್ಟಬೇಕು, ಹಳ್ಳಿಯವರ ಕೈಯಲ್ಲಿ ನಗದು ಎಲ್ಲಿಂದ ಬರಬೇಕು? ಜಮೀನು ಹರಾಜಿಗೆ ಬಂತು, ಸಾಲಗಾರರು ಜೈಲಿಗೆ ಹೋದರು. 1786ರ ಆಗಸ್ಟ್‌ನಲ್ಲಿ ಜನ ನಾರ್ಥಾಂಪ್ಟನ್‌ನ ಕೋರ್ಟಿಗೆ ಅಡ್ಡ ನಿಂತು ಕಲಾಪ ನಡೆಯದಂತೆ ಮಾಡಿದರು. 1787ರ ಜನವರಿಯಲ್ಲಿ ಡೇನಿಯಲ್ ಶೇಸ್ ಗುಂಪು ಸ್ಪ್ರಿಂಗ್‌ಫೀಲ್ಡ್‌ನ ಶಸ್ತ್ರಾಗಾರದ ಮೇಲೆ ಹೋಯಿತು, ಫಿರಂಗಿ ಹಾರಿತು, ನಾಲ್ಕು ಜನ ಸತ್ತರು. ಗವರ್ನರ್ ಜೇಮ್ಸ್ ಬೌಡಿನ್ ಸೈನ್ಯ ಕಳಿಸಿದ್ದು ಖಜಾನೆಯ ದುಡ್ಡಿನಲ್ಲಲ್ಲ, ಬೋಸ್ಟನ್ನಿನ ಸಾಹುಕಾರರು ಕೊಟ್ಟ ದುಡ್ಡಿನಲ್ಲಿ. ದಂಗೆಯಲ್ಲಿ ಸೇರಿದ್ದವರಿಗೆ ಮೂರು ವರ್ಷ ಓಟಿಲ್ಲ ಅಂತ ಕಾನೂನೂ ಬಂತು.

ಇಷ್ಟಾಗಿ ಕೆಲವೇ ವಾರಗಳಲ್ಲಿ ಚುನಾವಣೆ. ಅಲ್ಲಿ ಗವರ್ನರ್ ಚುನಾವಣೆ ವರ್ಷ ವರ್ಷವೂ ನಡೆಯುತ್ತಿತ್ತು, ಹಾಗಾಗಿ ಸಿಟ್ಟು ಆರೋಕೆ ಪುರುಸೊತ್ತೇ ಇರಲಿಲ್ಲ. ಜಾನ್ ಹ್ಯಾನ್‌ಕಾಕ್ ಹತ್ತಿರ ಹತ್ತಿರ ಮೂರಕ್ಕೆ ಒಂದರ ಲೆಕ್ಕದಲ್ಲಿ ಬೌಡಿನ್‌ರನ್ನು ಸೋಲಿಸಿದರು. ಎರಡು ವರ್ಷದ ಹಿಂದೆ ಇದೇ ಹ್ಯಾನ್‌ಕಾಕ್ ಆರೋಗ್ಯ ಸರಿಯಿಲ್ಲ ಅಂತ ಹುದ್ದೆ ಬಿಟ್ಟಿದ್ದವರು. ಬಿರುಗಾಳಿ ಬರುವಾಗ ಮನೇಲಿದ್ದು, ನಿಂತ ಮೇಲೆ ಬಂದರಲ್ವಾ ಅಂತ ಅನ್ನಿಸುತ್ತದೆ. ಬಂದ ಮೇಲೆ ತಮ್ಮ ಸಂಬಳ ಕಡಿಮೆ ಮಾಡಿಕೊಂಡರು, ಮುಂದಿನ ವರ್ಷ ಶೇಸ್‌ಗೆ ಕ್ಷಮೆಯೂ ಸಿಕ್ಕಿತು.

ಇದರ ಒಳ್ಳೇ ಅಂಶ ಅಂದರೆ ಕಾರಣ ಮತ್ತು ಫಲ ಕಣ್ಣಿಗೆ ಕಾಣುವಷ್ಟು ಹತ್ತಿರ ಇವೆ. ತೊಂದರೆ ಅಂದರೆ ಚುನಾವಣೆಗಿಂತ ದಂಗೆಯ ಕಥೆ ದೊಡ್ಡದು. ಹತ್ತು ನಿಮಿಷದ ಭಾಷಣದಲ್ಲಿ ಎಂಟು ನಿಮಿಷ ಶೇಸ್ ತಿಂದು ಹಾಕುತ್ತಾನೆ.

ನ್ಯೂಯಾರ್ಕ್ 1792: ಎಣಿಸದೇ ಸುಟ್ಟ ಓಟುಗಳು

ನನ್ನ ಒಲವು ಇದರ ಕಡೆ, ಮುಚ್ಚಿಟ್ಟು ಪ್ರಯೋಜನವಿಲ್ಲ.

ಒಂದು ಕಡೆ ಹದಿನೈದು ವರ್ಷದಿಂದ ಕುರ್ಚಿ ಬಿಡದ ಕ್ಲಿಂಟನ್. ಇನ್ನೊಂದು ಕಡೆ ಜಾನ್ ಜೇ, ಆಗ ಅವರು ದೇಶದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ. ಹುದ್ದೆಯಲ್ಲಿದ್ದುಕೊಂಡೇ ಚುನಾವಣೆಗೆ ನಿಂತರು, ಆಗ ಅದು ನಡೆಯುತ್ತಿತ್ತು. ಗವರ್ನರ್‌ಗೆ ಓಟು ಹಾಕೋಕೆ 100 ಪೌಂಡ್ ಬೆಲೆಯ ಸ್ವಂತ ಜಮೀನು ಬೇಕಿತ್ತು. ಕೆಳಮನೆಗೆ ಓಟು ಹಾಕೋಕೆ ಇಷ್ಟು ಬೇಕಿರಲಿಲ್ಲ, 20 ಪೌಂಡ್ ಸಾಕು. ಅಂದರೆ ಒಬ್ಬನೇ ಮನುಷ್ಯ ಒಂದು ಚುನಾವಣೆಗೆ ಮತದಾರ, ಇನ್ನೊಂದಕ್ಕೆ ಬರೀ ಪ್ರೇಕ್ಷಕ.

ಏಪ್ರಿಲ್‌ನಲ್ಲಿ ಮತದಾನ ಆಯಿತು. ಪದ್ಧತಿ ಹೀಗಿತ್ತು: ಊರೂರಿನ ಮತಚೀಟಿಗಳು ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥದ್ದರ, ಕಾನೂನು ಅಧಿಕಾರಿಯಾದ ಶೆರಿಫ್ ಕೈಗೆ ಬರಬೇಕು, ಶೆರಿಫ್ ಅದನ್ನು ಪೆಟ್ಟಿಗೆಯಲ್ಲಿ ಹಾಕಿ ರಾಜ್ಯದ ಕಚೇರಿಗೆ ತಲುಪಿಸಬೇಕು, ಅಲ್ಲಿ ಎರಡೂ ಸದನಗಳಿಂದ ಬಂದ ಎಣಿಕೆ ಸಮಿತಿ ಎಣಿಸಬೇಕು. ಸಮಿತಿ ಹೇಳಿದ್ದೇ ಕೊನೆ. ಗಡಿ ಭಾಗದ ಮೂರು ಕೌಂಟಿಗಳ ಪೆಟ್ಟಿಗೆಗಳ ಮೇಲೆ ತಕರಾರು ಎದ್ದಿತು: ಆಟ್ಸೀಗೊ, ಟಯೋಗಾ, ಮತ್ತೆ ಕ್ಲಿಂಟನ್ ಹೆಸರಿನದೇ ಕೌಂಟಿ. ಜಾಸ್ತಿ ಗಲಾಟೆ ಆಟ್ಸೀಗೊದ್ದು. ಅಲ್ಲಿ ಜೇ ಪರ ಓಟು ಹೆಚ್ಚು ಬಿದ್ದಿದೆ ಅನ್ನೋದು ಎಲ್ಲರಿಗೂ ಗೊತ್ತಿತ್ತು. ಅಲ್ಲಿನ ಶೆರಿಫ್ ರಿಚರ್ಡ್ ಸ್ಮಿತ್ ಅವಧಿ ಫೆಬ್ರವರಿಯಲ್ಲೇ ಮುಗಿದಿತ್ತು, ಹೊಸಬರು ಇನ್ನೂ ಅಧಿಕಾರ ವಹಿಸಿಕೊಂಡಿರಲಿಲ್ಲ, ಈ ಸಂದಿಯಲ್ಲಿ ಪೆಟ್ಟಿಗೆ ಕಳಿಸಿದ್ದು ಸ್ಮಿತ್. ಹಾಗಾದರೆ ಆ ದಿನ ಅವರು ಶೆರಿಫ್ಫೋ ಅಲ್ಲವೋ?

ಸಮಿತಿಗೆ ಒಮ್ಮತ ಬರಲಿಲ್ಲ. ದೇಶದ ಸಂಸತ್ತಿನ ಮೇಲ್ಮನೆಯಲ್ಲಿ ಈ ರಾಜ್ಯದ ಪ್ರತಿನಿಧಿಗಳಾಗಿದ್ದ ಇಬ್ಬರು ಸೆನೆಟರುಗಳ ಅಭಿಪ್ರಾಯ ಕೇಳಿದರು. ರೂಫಸ್ ಕಿಂಗ್ ಹೇಳಿದ್ದು, ಹೊಸಬರು ಬರುವವರೆಗೆ ಹಳಬರೇ ಕೆಲಸ ನೋಡಿದರೆ ತಪ್ಪಿಲ್ಲ, ಅಧಿಕಾರಿಯ ಕಾಗದಪತ್ರದ ಲೋಪಕ್ಕೆ ಮತದಾರರ ಹಕ್ಕು ಹೋಗಬಾರದು, ಎಣಿಸಿ. ಏರನ್ ಬರ್ ಹೇಳಿದ್ದು, ಅವಧಿ ಮುಗಿದವನು ಶೆರಿಫ್ ಅಲ್ಲ, ಶೆರಿಫ್ ತಲುಪಿಸದ ಪೆಟ್ಟಿಗೆ ಪೆಟ್ಟಿಗೆಯೇ ಅಲ್ಲ, ಬಿಡಿ. ಸಮಿತಿಯಲ್ಲಿ ಕ್ಲಿಂಟನ್ ಕಡೆಯವರು ಹೆಚ್ಚು, ಬರ್ ಮಾತು ಉಳಿಯಿತು. ಮೂರೂ ಕೌಂಟಿ ಬಿಟ್ಟು ಲೆಕ್ಕ ಹಾಕಿದರೆ ಕ್ಲಿಂಟನ್‌ಗೆ 8,440, ಜೇಗೆ 8,332. ಅಂತರ 108. ಆಮೇಲೆ ಆ ಚೀಟಿಗಳನ್ನು ಸುಟ್ಟರು. ಎಣಿಸಿದ್ದರೆ ಎಷ್ಟಾಗುತ್ತಿತ್ತು ಅಂತ ಚೀಟಿ ಬಿಚ್ಚಿ ನೋಡೋಕೆ ಇನ್ನು ಯಾರಿಂದಲೂ ಆಗಲ್ಲ.

ಇಷ್ಟು ಕೇಳಿ ಜೇ ಪಾಪ, ಕ್ಲಿಂಟನ್ ಕೆಟ್ಟವರು ಅಂತ ತೀರ್ಮಾನಿಸಬೇಡಿ. ಆಟ್ಸೀಗೊದ ಯಜಮಾನ ಅನ್ನಬಹುದಾದ ವಿಲಿಯಂ ಕೂಪರ್ ಅಲ್ಲಿ ಜಮೀನಿನ ಒಡೆಯರೂ ಹೌದು, ನ್ಯಾಯಾಧೀಶರೂ ಹೌದು. ಜೇಗೆ ಓಟು ಹಾಕದಿದ್ದರೆ ನೋಡಿಕೊಳ್ಳುತ್ತೇನೆ ಅಂತ ಅವರು ಜನರನ್ನು ಹೆದರಿಸಿದರು ಅಂತ ಎದುರು ಪಕ್ಷ ದೂರು ಕೊಟ್ಟಿತು. ಆ ಪೆಟ್ಟಿಗೆಯೊಳಗಿನ ಓಟೆಲ್ಲ ಮನಸಾರೆ ಬಿದ್ದದ್ದೇ ಅನ್ನೋದೂ ಅನುಮಾನ. ಜೇ ಬೆಂಬಲಿಗರು ಊರೂರಲ್ಲಿ ಸಭೆ ಸೇರಿಸಿದರು, ಕೂಗಾಡಿದರು. ಜೇ ಶಾಂತವಾಗಿರಿ ಅಂದರು. ಅವರ ಪಕ್ಷದ ಹ್ಯಾಮಿಲ್ಟನ್ ಕೂಡ ಕಾನೂನಿನ ಹೊರಗಿನ ದಾರಿ ಹಿಡಿಯೋದು ಬೇಡ ಅಂತ ಕಿಂಗ್‌ಗೆ ಪತ್ರ ಬರೆದರು, ಆ ಪತ್ರವನ್ನು ನೀವೇ ಓದಬಹುದು. ಮೂರು ವರ್ಷ ಕಾದು 1795ರಲ್ಲಿ ಜೇ ಗೆದ್ದರು, ಗೆದ್ದಾಗ ಅವರು ಊರಲ್ಲೇ ಇರಲಿಲ್ಲ, ಒಪ್ಪಂದಕ್ಕೆ ಅಂತ ಇಂಗ್ಲೆಂಡಿಗೆ ಹೋಗಿದ್ದರು. 1799ರಲ್ಲಿ ನ್ಯೂಯಾರ್ಕಿನಲ್ಲಿ ಗುಲಾಮಗಿರಿಯನ್ನು ಹಂತ ಹಂತವಾಗಿ ಕೊನೆ ಮಾಡುವ ಕಾನೂನಿಗೆ ಸಹಿ ಹಾಕಿದ್ದು ಅವರೇ.

ಹಿಂದಿನ ಕಥೆ ಹೆಚ್ಚು ಬೇಕಿಲ್ಲ, ಪತ್ರಗಳು ಉಚಿತ, ಎರಡೂ ಕಡೆ ವಾದ ಗಟ್ಟಿ. ಕೊರತೆ ಒಂದೇ: ಕೊನೆಗೂ ಇದು ಜಮೀನಿದ್ದ ಗಂಡಸರ ಒಳಜಗಳ. ಹೊರಗೆ ನಿಂತವರ ದನಿ ಇಲ್ಲಿ ಕೇಳಿಸಲ್ಲ.

ನ್ಯೂಯಾರ್ಕ್ 1804: ಎಲ್ಲರೂ ಓಡುವುದು ಇದರ ಹಿಂದೆ

ಉಪಾಧ್ಯಕ್ಷರಾಗಿದ್ದುಕೊಂಡೇ ಬರ್ ಗವರ್ನರ್ ಚುನಾವಣೆಗೆ ನಿಂತು ಮಾರ್ಗನ್ ಲೂಯಿಸ್ ಎದುರು ದೊಡ್ಡ ಅಂತರದಿಂದ ಸೋತರು. ಊಟದ ಮನೆಯೊಂದರಲ್ಲಿ ಹ್ಯಾಮಿಲ್ಟನ್ ಬರ್ ಬಗ್ಗೆ ಕೆಟ್ಟದಾಗಿ ಮಾತಾಡಿದ್ದು ಪತ್ರಿಕೆಯಲ್ಲಿ ಬಂತು, ಜುಲೈ 11ರಂದು ವೀಹಾಕನ್‌ನಲ್ಲಿ ದ್ವಂದ್ವಯುದ್ಧ, ಮರುದಿನ ಹ್ಯಾಮಿಲ್ಟನ್ ಸಾವು. ಕಥೆ ಹೇಳೋಕೆ ಇದಕ್ಕಿಂತ ಸುಲಭದ್ದಿಲ್ಲ, ಇಬ್ಬರ ನಡುವೆ ಓಡಾಡಿದ ಪತ್ರಗಳೂ ಉಚಿತವಾಗಿ ಸಿಗುತ್ತವೆ. ಆದರೆ ಚುನಾವಣೆಯ ಬಗ್ಗೆ ಹೇಳೋಕೆ ಏನಿದೆ? ಹೆಚ್ಚೇನಿಲ್ಲ. ತರಗತಿಯಲ್ಲಿ ಇನ್ನೂ ಮೂವರು ಇದನ್ನೇ ತರುತ್ತಾರೆ ಅಂತ ಬೇಕಾದರೆ ಪಂದ್ಯ ಕಟ್ಟುತ್ತೇನೆ.

ಮ್ಯಾಸಚೂಸೆಟ್ಸ್ 1812: ಗೆರಿಯೋ ಜೆರಿಯೋ

ಕ್ಷೇತ್ರಗಳ ಗಡಿಯನ್ನು ತಮಗೆ ಬೇಕಾದ ಹಾಗೆ ವಕ್ರವಕ್ರವಾಗಿ ಎಳೆಯೋದಕ್ಕೆ 'ಜೆರಿಮ್ಯಾಂಡರ್' ಅಂತಾರಲ್ಲ, ಆ ಪದ ಹುಟ್ಟಿದ್ದು ಇಲ್ಲಿ. ಗವರ್ನರ್ ಎಲ್‌ಬ್ರಿಜ್ ಗೆರಿ ಅವರ ಹೆಸರನ್ನು 'ಗ' ಅಂತಲೇ ಉಚ್ಚರಿಸುತ್ತಿದ್ದದ್ದು, ಇಂಗ್ಲಿಷ್‌ನವರಿಗೆ ಒಂದೇ ಅಕ್ಷರ ಆಗಿದ್ದರಿಂದ ಪದದಲ್ಲಿ 'ಜ' ಆಗಿಹೋಯಿತು. ಕನ್ನಡದಲ್ಲಿ ಬರೆದಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ ನೋಡಿ. ಫೆಬ್ರವರಿಯಲ್ಲಿ ಅವರು ಮರುವಿಂಗಡಣೆಯ ಮಸೂದೆಗೆ ಸಹಿ ಹಾಕಿದರು, ಮಾರ್ಚ್ 26ರಂದು ಬೋಸ್ಟನ್ ಗೆಜೆಟ್‌ನಲ್ಲಿ ಎಸೆಕ್ಸ್ ಕೌಂಟಿಯ ಒಂದು ಕ್ಷೇತ್ರಕ್ಕೆ ರೆಕ್ಕೆ, ಉಗುರು ಬರೆದ ವ್ಯಂಗ್ಯಚಿತ್ರ ಬಂತು.

ಮಜಾ ಇರೋದು ಮುಂದೆ. ಏಪ್ರಿಲ್‌ನಲ್ಲಿ ಗೆರಿ ಸೋತರು! ಕೇಲಬ್ ಸ್ಟ್ರಾಂಗ್‌ಗೆ 52,696, ಗೆರಿಗೆ 51,326. ಗವರ್ನರ್ ಚುನಾವಣೆಯಲ್ಲಿ ಇಡೀ ರಾಜ್ಯವೇ ಒಂದು ಕ್ಷೇತ್ರ, ಅಲ್ಲಿ ಗೆರೆ ಎಳೆಯೋಕೆ ಜಾಗವೇ ಇಲ್ಲ. ಆದರೆ ಗೆರೆ ಎಳೆದಿದ್ದ ರಾಜ್ಯ ಸೆನೆಟ್‌ನಲ್ಲಿ ಅವರ ಪಕ್ಷಕ್ಕೆ ಒಟ್ಟು ಓಟು ಕಡಿಮೆ ಬಿದ್ದರೂ ಸೀಟು ಬಂದದ್ದು 29, ಎದುರಾಳಿಗಳಿಗೆ 11. ಅದೇ ವರ್ಷ, ಅದೇ ಜನ, ಎರಡು ಬೇರೆ ಫಲ. ಲೆಕ್ಕ ಇಷ್ಟಪಡುವವರಿಗೆ ಇದು ಹಬ್ಬ. ಪಾಠ ಮಾಡುವವರಿಗೂ ಇದೇ ಒಳ್ಳೇದು, ಚಿತ್ರ ತೋರಿಸಿದರೆ ಅರ್ಧ ಕೆಲಸ ಮುಗಿಯಿತು. ಗೆರಿ ಸುಮ್ನೆ ಮನೇಲಿ ಕೂರಲಿಲ್ಲ, ಅದೇ ವರ್ಷ ಮ್ಯಾಡಿಸನ್ ಜೊತೆ ಉಪಾಧ್ಯಕ್ಷ ಹುದ್ದೆಗೆ ಗೆದ್ದರು. ಒಂದೇ ಅಡಚಣೆ, ಜೂನ್‌ನಲ್ಲಿ ಬ್ರಿಟನ್ ಜೊತೆ ಯುದ್ಧ ಶುರುವಾಗುವ ಮೊದಲಿನ ಪಕ್ಷಗಳ ಕಚ್ಚಾಟ ಗೊತ್ತಿಲ್ಲದಿದ್ದರೆ ಆ ಸಿಟ್ಟು ಎಲ್ಲಿಂದ ಬಂತು ಅಂತ ಹೊಳೆಯಲ್ಲ.

ಇಲಿನಾಯ್ 1822: ಮೂರನೇ ಒಂದು ಪಾಲಿನ ಗೆಲುವು

ಸಂಖ್ಯೆಯಲ್ಲಿ ಚಿಕ್ಕ ಚುನಾವಣೆ, 8,606 ಓಟು ಅಷ್ಟೇ. ಆದರೆ ಇದರ ಭಾರ ಬೇರೆ.

ಎಡ್ವರ್ಡ್ ಕೋಲ್ಸ್ ವರ್ಜೀನಿಯಾದ ಗುಲಾಮರ ಒಡೆಯರ ಮನೆಯಲ್ಲಿ ಹುಟ್ಟಿದವರು, ಅಧ್ಯಕ್ಷ ಮ್ಯಾಡಿಸನ್ ಅವರ ಕಾರ್ಯದರ್ಶಿ ಆಗಿದ್ದವರು. 1814ರಲ್ಲಿ ಜೆಫರ್ಸನ್‌ಗೆ ಪತ್ರ ಬರೆದು, ಗುಲಾಮಗಿರಿ ಕೊನೆ ಮಾಡೋಕೆ ನೀವು ಮುಂದೆ ನಿಲ್ಲಿ ಅಂತ ಕೇಳಿದರು. ಜೆಫರ್ಸನ್ ಇದು ಯುವಕರ ಕೆಲಸ, ನನಗೆ ವಯಸ್ಸಾಯಿತು ಅಂತ ಜಾರಿಕೊಂಡರು. ಎರಡೂ ಪತ್ರ ಉಚಿತವಾಗಿ ಸಿಗುತ್ತವೆ, ಒಂದರ ಪಕ್ಕ ಒಂದು ಇಟ್ಟುಕೊಂಡು ಓದಿ. 1819ರಲ್ಲಿ ಕೋಲ್ಸ್ ತಾವು ಒಡೆತನ ಹೊಂದಿದ್ದ ಜನರನ್ನು ಕರೆದುಕೊಂಡು ಓಹಿಯೋ ನದಿಯಲ್ಲಿ ದೋಣಿಯ ಮೇಲೆ ಹೊರಟರು. ನದಿ ಮಧ್ಯದಲ್ಲೇ ನೀವೆಲ್ಲ ಸ್ವತಂತ್ರರು ಅಂದರು. ಇಲಿನಾಯ್‌ಗೆ ಬಂದ ಮೇಲೆ ಕುಟುಂಬಕ್ಕೆ 160 ಎಕರೆಯಂತೆ ಜಮೀನೂ ಕೊಟ್ಟರು.

ಮೂರು ವರ್ಷದಲ್ಲಿ ಗವರ್ನರ್ ಚುನಾವಣೆಗೆ ನಿಂತರು. ಕೋಲ್ಸ್‌ಗೆ 2,854, ಜೋಸೆಫ್ ಫಿಲಿಪ್ಸ್‌ಗೆ 2,687, ಥಾಮಸ್ ಬ್ರೌನ್‌ಗೆ 2,443, ಜೇಮ್ಸ್ ಮೂರ್‌ಗೆ 622. ನಡುವಿನ ಇಬ್ಬರೂ ಗುಲಾಮಗಿರಿ ಪರ ಇದ್ದವರು, ಇಬ್ಬರ ಓಟು ಕೂಡಿಸಿದರೆ 5,130, ಅಂದರೆ ನೂರಕ್ಕೆ ಅರವತ್ತರ ಹತ್ತಿರ. ಓಟು ಒಡೆದು ಮೂರನೆಯವರು ಗೆಲ್ಲೋದು ನಮಗೇನು ಹೊಸದಲ್ಲ ಬಿಡಿ, ಪ್ರತಿ ಚುನಾವಣೆಯಲ್ಲೂ ಟೀವಿ ಮುಂದೆ ಕೂತು ಇದೇ ಲೆಕ್ಕ ಹಾಕುತ್ತೇವೆ. ಆದರೆ ಒಂದು ಎಚ್ಚರ: ಬ್ರೌನ್ ಇಲ್ಲದಿದ್ದರೆ ಅವರ ಓಟೆಲ್ಲ ಫಿಲಿಪ್ಸ್‌ಗೇ ಹೋಗುತ್ತಿತ್ತು ಅಂತ ಹಾಗೇ ಹೇಳಿಬಿಡೋದು ತಪ್ಪು. ಊರು, ನೆಂಟಸ್ತಿಕೆ ನೋಡಿಯೂ ಜನ ಓಟು ಹಾಕುತ್ತಿದ್ದರು. ಕೌಂಟಿವಾರು ಲೆಕ್ಕ ತೆಗೆದು ನೋಡಿದರೆ ಅದೇ ಒಂದು ಸೆಮಿನಾರ್ ಆಗುತ್ತದೆ.

ಗೆದ್ದ ಮೇಲೆ ಅಸಲಿ ಹೋರಾಟ. ಸಂವಿಧಾನ ಬದಲಾಯಿಸಿ ಗುಲಾಮಗಿರಿಗೆ ಬಾಗಿಲು ತೆಗೆಯೋಣ ಅಂತ ಶಾಸಕರು ಹೊರಟರು. ಒಂದು ಓಟು ಸಾಲದೆ ಬಂದಾಗ ನಿಕೋಲಸ್ ಹ್ಯಾನ್ಸನ್ ಅನ್ನುವ ಸದಸ್ಯರನ್ನು ಹೊರಗೆ ಹಾಕಿ, ಆ ಸೀಟಿಗೆ ಅವರ ಎದುರಾಳಿಯನ್ನು ಕೂರಿಸಿದರು. ವಿಷಯ ಜನರ ಮುಂದೆ ಹೋಯಿತು. ಕೋಲ್ಸ್ ತಮ್ಮ ಸಂಬಳವನ್ನೇ ಈ ಹೋರಾಟಕ್ಕೆ ಸುರಿದರು. 1824ರ ಆಗಸ್ಟ್‌ನಲ್ಲಿ ಬೇಕು ಅಂದವರು 4,972, ಬೇಡ ಅಂದವರು 6,640. ಎರಡು ವರ್ಷದ ಹಿಂದೆ ಗುಲಾಮಗಿರಿ ಪರ ಇದ್ದವರಿಗೆ ಅಷ್ಟು ಓಟು ಕೊಟ್ಟ ಅದೇ ರಾಜ್ಯ! ಅಂದಹಾಗೆ, ಓಟು ಬಿಳಿಯ ಗಂಡಸರಿಗೆ ಮಾತ್ರ. ಆಸ್ತಿ ಬೇಕು ಅನ್ನೋ ನಿಯಮ ಇರಲಿಲ್ಲ, ಬಣ್ಣದ ನಿಯಮ ಇತ್ತು. ಕೋಲ್ಸ್ ಬಿಡುಗಡೆ ಮಾಡಿದ ಜನರಿಗೆ ಈ ಎರಡೂ ಸಲ ಮಾತಾಡುವ ಅವಕಾಶ ಸಿಗಲಿಲ್ಲ.

ನ್ಯೂಯಾರ್ಕಿನಷ್ಟು ಪತ್ರಗಳ ರಾಶಿ ಇಲ್ಲಿಲ್ಲ, ಸ್ವಲ್ಪ ಹುಡುಕಬೇಕು. 1882ರಲ್ಲಿ ಅಚ್ಚಾದ ಕೋಲ್ಸ್ ಜೀವನಚರಿತ್ರೆಯೊಂದಿದೆ, ಹಕ್ಕುಸ್ವಾಮ್ಯ ಎಂದೋ ಮುಗಿದಿದೆ. ಬರೆದವರಿಗೆ ಕೋಲ್ಸ್ ಮೇಲೆ ತುಂಬಾ ಅಭಿಮಾನ, ಅಷ್ಟು ನೆನಪಿಟ್ಟುಕೊಂಡು ಓದಿ.

ಹಾಗಾದರೆ ಯಾರಿಗೆ ಯಾವುದು

ಒಂದೇ ಸಂಜೆ ಇದ್ದರೆ 1812. ಮಗಳ ಜೊತೆ ಕೂತು ಆ ವ್ಯಂಗ್ಯಚಿತ್ರ ನೋಡಿ, ಎರಡು ಸಂಖ್ಯೆ ಹೋಲಿಸಿ, ಅಡುಗೆ ಮಾಡುತ್ತಾ ಮಾತಾಡಿ. ಗೆಳತಿಗೆ ಇದನ್ನೇ ಹೇಳಿದ್ದೇನೆ. ಒಂದು ತಿಂಗಳಿದ್ದು, ಕಾನೂನಿನ ವಾದ ಇಷ್ಟ ಇದ್ದು, ಕಿಸೆಯಿಂದ ಒಂದು ರೂಪಾಯಿಯೂ ಬಿಚ್ಚೋಕೆ ಆಗದಿದ್ದರೆ 1792. ಒಂದು ಸೆಮಿಸ್ಟರ್ ಪೂರ್ತಿ ಇದ್ದರೆ, ಚುನಾವಣೆಯ ಜೊತೆಗೆ ಮನುಷ್ಯರ ಬದುಕೂ ಬೇಕು ಅಂದರೆ ಇಲಿನಾಯ್. ಅಲ್ಲಿ ಶ್ರಮ ಜಾಸ್ತಿ, ಸಿಗೋದೂ ಜಾಸ್ತಿ. ರೈತ ಚಳವಳಿಯ ಮೇಲೆ ಮೊದಲೇ ಕೆಲಸ ಮಾಡಿದವರು 1787 ತೆಗೆದುಕೊಳ್ಳಲಿ, ಉಳಿದವರಿಗೆ ಅದು ಎರಡನೇ ಓದು. 1777 ಮತ್ತು 1804 ಪ್ರಯಾಣದಲ್ಲಿ ಓದೋಕೆ ಚೆನ್ನಾಗಿವೆ.

ಅಕ್ಕನ ಮಗ 1792 ಆರಿಸಿಕೊಂಡ. ಈಗ ಪ್ರತಿ ಭಾನುವಾರ ಫೋನ್ ಮಾಡಿ, ಬರ್ ಹೇಳಿದ್ದೇ ಸರಿ, ನಿಯಮ ಅಂದರೆ ನಿಯಮ ಅಂತ ವಾದ ಮಾಡುತ್ತಾನೆ. ನಾನು ಕಿಂಗ್ ಕಡೆ. ಅಕ್ಕ ಹಿಂದಿನಿಂದ ಕೂಗಿ ಕೇಳುತ್ತಾಳೆ, ಅಷ್ಟು ಅವಸರವಾಗಿ ಯಾಕೋ ಸುಟ್ಟರು ಅಂತ.